ಸಂಘದ ಕಂಪ್ಯೂಟರ್ ಬೆಳಿಗ್ಗೆ ಹಠ ಹಿಡಿದಾಗ



ಬೆಳಿಗ್ಗೆ ಆರೂಕಾಲು ಗಂಟೆ. ಸಂಘದ ಮುಂದೆ ನೀವು ನಲವತ್ತು ಜನ ಹಾಲು ಹಿಡಿದು ಸಾಲಿನಲ್ಲಿ ನಿಂತಿದ್ದೀರಿ. ಒಳಗೆ ಕಾರ್ಯದರ್ಶಿಯವರು ಕಂಪ್ಯೂಟರಿನ ಗುಂಡಿ ಒತ್ತಿದ್ದಾರೆ. ಪರದೆ ಬೆಳಗಿದೆ. ಆದರೆ ಹಾಲಿನ ಲೆಕ್ಕದ ತಂತ್ರಾಂಶ ತೆರೆಯುವ ಬದಲು ಇಂಗ್ಲಿಷಿನ ಎರಡು ಸಾಲು ಬರೆದ ಒಂದು ಪೆಟ್ಟಿಗೆ ಮೂಡಿ ನಿಂತಿದೆ. 'ಓಕೆ' ಒತ್ತಿದರೆ ಮಾಯವಾಗುತ್ತದೆ, ಮತ್ತೆ ತೆರೆದರೆ ಮತ್ತೆ ಅದೇ ಪೆಟ್ಟಿಗೆ. ಏಳು ಗಂಟೆಗೆ ಹಾಲಿನ ಲಾರಿ ಬರುತ್ತದೆ.

ಇಂಥ ಬೆಳಗನ್ನು ನೋಡದ ಸಂಘ ನಮ್ಮಲ್ಲಿ ಕಡಿಮೆ. ಒಕ್ಕೂಟದ ಕಡೆಯಿಂದ ಇಂಥ ಕರೆಗಳಿಗೆ ಓಡಾಡುವ ಕೆಲಸ ನನ್ನದು. ಇದು ಕಾರ್ಯದರ್ಶಿಯ ಮತ್ತು ಹಾಲು ಪರೀಕ್ಷಕರ ತಲೆನೋವು, ನಮಗೇಕೆ ಈ ಪಾಠ ಎಂದು ನೀವು ಕೇಳಬಹುದು. ಆ ಪೆಟ್ಟಿಗೆಯೊಳಗೆ ಇರುವುದು ನಿಮ್ಮ ಲೆಕ್ಕ. ಬಟವಾಡೆಯ ಹಣ ಅದರಿಂದಲೇ ಬರುತ್ತದೆ. ವರ್ಷದ ಕೊನೆಯ ಬೋನಸ್ಸಿನ ಪಾಲು ಅದರಿಂದಲೇ ನಿಗದಿಯಾಗುತ್ತದೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನವೂ ಹಾಕಿದ ಹಾಲಿನ ಲೆಕ್ಕದ ಮೇಲೆಯೇ ನಿಂತಿದೆ. ಸಂಘದ ಚುನಾವಣೆಯಲ್ಲಿ ಮತ ಹಾಕುವ ಅರ್ಹತೆಗೂ ವರ್ಷದಲ್ಲಿ ನೀವು ಎಷ್ಟು ಹಾಲು ಹಾಕಿದ್ದೀರಿ ಎಂಬ ದಾಖಲೆ ಬೇಕು. ಆದ್ದರಿಂದ ಈ ವಿಷಯವನ್ನು ಕೆಚ್ಚಲು ಬಾವಿನಷ್ಟೇ ಗಮನ ಕೊಟ್ಟು ಓದಿರಿ.

ಡಬ್ಬಿ ಬೇರೆ, ಹಾಲು ಬೇರೆ

ಸಂಘದ ಕಂಪ್ಯೂಟರಿನಲ್ಲಿ ಮೂರು ವಸ್ತುಗಳಿವೆ. ಇವುಗಳ ವ್ಯತ್ಯಾಸ ತಿಳಿದರೆ ಅರ್ಧ ಪಾಠ ಮುಗಿದಂತೆ.

ಒಂದು, ಲೆಕ್ಕದ ತಂತ್ರಾಂಶ. ಇದು ನಿಮ್ಮ ಸದಸ್ಯ ಸಂಖ್ಯೆ ಕೇಳುತ್ತದೆ, ತೂಕ, ಜಿಡ್ಡು, ಎಸ್.ಎನ್.ಎಫ್. ಹಿಡಿದುಕೊಳ್ಳುತ್ತದೆ, ದರಪಟ್ಟಿ ನೋಡಿ ಬೆಲೆ ಕಟ್ಟಿ ಚೀಟಿ ಮುದ್ರಿಸುತ್ತದೆ. ಎರಡು, ದತ್ತಾಂಶ ಕಣಜ. ಡೇಟಾಬೇಸ್ ಎಂದು ಕರೆಯುವುದು ಇದನ್ನೇ. ನೀವು ಹಾಕಿದ ಪ್ರತಿ ಹೊತ್ತಿನ ಹಾಲಿಗೂ ಅಲ್ಲಿ ಒಂದೊಂದು ಸಾಲು ಇದೆ. 150 ಜನ ಎರಡು ಹೊತ್ತೂ ಹಾಲು ಹಾಕುವ ಸಂಘದಲ್ಲಿ ದಿನಕ್ಕೆ 300 ಸಾಲು, ವರ್ಷಕ್ಕೆ 1,09,500 ಸಾಲು. ಮೂರನೆಯದು ಇವೆರಡರ ನಡುವಿನ ಜೋಡಣೆಗಳು. ಡ್ರೈವರ್, ಪ್ರೊವೈಡರ್, ಕನೆಕ್ಟರ್, ಪ್ಲಗಿನ್ ಹೀಗೆ ಇವಕ್ಕೆ ನಾನಾ ಹೆಸರು. ತಂತ್ರಾಂಶವನ್ನು ಕಣಜಕ್ಕೆ ಕಟ್ಟುವುದು ಒಂದು ಜೋಡಣೆ, ತೂಕದ ಯಂತ್ರವನ್ನೂ ಹಾಲು ಪರೀಕ್ಷಾ ಯಂತ್ರವನ್ನೂ ತಂತ್ರಾಂಶಕ್ಕೆ ಕಟ್ಟುವುದು ಇನ್ನೊಂದು.

ಟ್ರ್ಯಾಕ್ಟರಿಗೆ ರೋಟಾವೇಟರ್ ಕಟ್ಟುವುದನ್ನು ನೆನೆಯಿರಿ. ಟ್ರ್ಯಾಕ್ಟರ್ ಚೆನ್ನಾಗಿದೆ, ರೋಟಾವೇಟರೂ ಚೆನ್ನಾಗಿದೆ, ಆದರೆ ಪಿನ್ನು ತೂತಿಗೆ ಕೂರದಿದ್ದರೆ ಉಳುಮೆ ಆಗುವುದಿಲ್ಲ. ಆಗ ಯಾರೂ ಟ್ರ್ಯಾಕ್ಟರನ್ನು ಗುಜರಿಗೆ ಹಾಕುವುದಿಲ್ಲ, ಹೊಲದ ಮಣ್ಣನ್ನು ಅಗೆದು ಎಸೆಯುವುದೂ ಇಲ್ಲ. ಪಿನ್ನು ನೋಡುತ್ತಾರೆ. ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ನಮ್ಮವರು ಈ ವಿವೇಕ ಮರೆಯುತ್ತಾರೆ.

ಎಂಟು ದಿನದ ಹಾಲು ಹೋದ ಕಥೆ

ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಊರಿನ ಹೆಸರು ಬೇಡ, ಆ ಸಂಘದವರು ಈ ಪುಟ ಓದುತ್ತಾರೆ.

92 ಜನ ಹಾಲು ಹಾಕುವ ಸಂಘ. ಹತ್ತು ದಿನಕ್ಕೊಮ್ಮೆ ಬಟವಾಡೆ. ಎಂಟನೆಯ ದಿನ ರಾತ್ರಿ ಲೆಕ್ಕ ಪರಿಶೋಧನೆಗೆ ಪಟ್ಟಿ ತಯಾರಿಸಲೆಂದು ಕಾರ್ಯದರ್ಶಿಯವರ ಬಂಧುವೊಬ್ಬ ಹುಡುಗ ಅದೇ ಕಂಪ್ಯೂಟರಿಗೆ ಹೊಸ ಮೈಕ್ರೋಸಾಫ್ಟ್ ಆಫೀಸ್ ಹಾಕಿದ. ಹಾಕುವಾಗ ಅದು 'ಇಲ್ಲಿ 32 ಬಿಟ್‌ನ ಹಳೆಯ ಭಾಗವೊಂದಿದೆ, ಮೊದಲು ತೆಗೆಯಿರಿ' ಎಂದಿತು. ಹುಡುಗ ತೆಗೆದ. ಹೊಸ ಆಫೀಸ್ ಚೆನ್ನಾಗಿ ಓಡಿತು, ಪಟ್ಟಿಯೂ ಆಯಿತು, ಎಲ್ಲರೂ ಮಲಗಿದರು.

ಬೆಳಿಗ್ಗೆ ಹಾಲಿನ ತಂತ್ರಾಂಶ ಏಳಲಿಲ್ಲ. 'ಮೈಕ್ರೋಸಾಫ್ಟ್ ಏಸ್ ಓಎಲ್ಇಡಿಬಿ 12.0 ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್ ಆನ್ ದ ಲೋಕಲ್ ಮೆಷೀನ್' ಎಂದು ಪೆಟ್ಟಿಗೆ ಮೂಡಿತು. ಅಂದರೆ 'ಕಣಜದ ಬಾಗಿಲು ತೆರೆಯುವ ಕೊಂಡಿ ಈ ಕಂಪ್ಯೂಟರಿನಲ್ಲಿ ಕಾಣುತ್ತಿಲ್ಲ' ಎಂದು ಅರ್ಥ. ಹುಡುಗ ರಾತ್ರಿ ತೆಗೆದುಹಾಕಿದ್ದ ಹಳೆಯ ಭಾಗವೇ ಆ ಕೊಂಡಿ. ಕಣಜ ಕೂದಲೂ ಕೊಂಕದಂತೆ ಡಿಸ್ಕಿನಲ್ಲಿತ್ತು. ಹೊಸ ಆಫೀಸ್ ತೆಗೆದು 32 ಬಿಟ್‌ನ ಕೊಂಡಿಯನ್ನು ಮರಳಿ ಹಾಕಿದ್ದರೆ ಕಾಲು ಗಂಟೆಯ ಕೆಲಸ.

ಆದದ್ದು ಬೇರೆ. ಪಟ್ಟಣದಿಂದ ಬಂದ ರಿಪೇರಿಯವನು ಪೆಟ್ಟಿಗೆಯ ಸಾಲು ಓದಲೇ ಇಲ್ಲ. 'ವೈರಸ್ ಬಂದಿದೆ' ಎಂದ, ಡಿಸ್ಕನ್ನು ಪೂರ್ತಿ ಫಾರ್ಮ್ಯಾಟ್ ಮಾಡಿದ, ಎಲ್ಲವನ್ನೂ ಹೊಸದಾಗಿ ಹಾಕಿದ, 800 ರೂಪಾಯಿ ತೆಗೆದುಕೊಂಡು ಹೋದ. ಸಂಜೆಗೆ ತಂತ್ರಾಂಶ ಥಳಥಳ ಹೊಳೆಯುತ್ತಿತ್ತು. ಒಳಗೆ ಒಬ್ಬ ಸದಸ್ಯರ ಹೆಸರೂ ಇರಲಿಲ್ಲ. ಪೆನ್ ಡ್ರೈವಿನಲ್ಲಿದ್ದ ಪ್ರತಿ ಹಿಂದಿನ ಬಟವಾಡೆಯ ದಿನದ್ದು. ನಡುವಿನ ಎಂಟು ದಿನ, 92 ಜನ, ಎರಡು ಹೊತ್ತು, ಒಟ್ಟು 1,472 ಸಾಲು ಹೋಯಿತು.

ಲಾರಿಯ ಚೀಟಿಗಳಿಂದ ಪ್ರತಿ ಹೊತ್ತಿನಲ್ಲಿ ಸಂಘದಿಂದ ಹೋದ ಒಟ್ಟು ಹಾಲು ಎಷ್ಟೆಂದು ಗೊತ್ತಾಯಿತು. ಯಾರ ಹಾಲು ಎಷ್ಟು ಎಂಬುದು ಅದರಲ್ಲಿಲ್ಲ. ಕೊನೆಗೆ ಜಗಲಿಯ ಮೇಲೆ ಚಾಪೆ ಹಾಸಿ, ಸದಸ್ಯರು ತಂದ ಚೀಟಿಗಳನ್ನು ಒಂದೊಂದಾಗಿ ಓದಿ ಕೈಯಿಂದ ಏರಿಸಿದೆವು. 61 ಜನರ ಬಳಿ ಚೀಟಿ ಇತ್ತು. ಉಳಿದ 31 ಜನರಿಗೆ ಹಿಂದಿನ ಹತ್ತು ದಿನದ ಸರಾಸರಿ ಕಟ್ಟಿ ಕೊಟ್ಟಾಗ ಆದ ಜಗಳ ಇಂದಿಗೂ ಪೂರ್ತಿ ಆರಿಲ್ಲ. ಅವರಲ್ಲೊಬ್ಬರ ಹಸು ಆ ಬಟವಾಡೆಯ ಮೂರನೆಯ ದಿನವಷ್ಟೇ ಕರು ಹಾಕಿತ್ತು. ಹಿಂದಿನ ಸರಾಸರಿಯಲ್ಲಿ ಅವರದು ಸೊನ್ನೆ.

ಚೀಟಿ ತಂದವರಲ್ಲಿ ಒಬ್ಬ ಹೆಣ್ಣುಮಗಳು ಆ ವರ್ಷದ ಅಷ್ಟೂ ಚೀಟಿಗಳನ್ನು ಕೊಟ್ಟಿಗೆಯ ಕಂಬದ ತಂತಿಗೆ ಚುಚ್ಚಿಟ್ಟಿದ್ದರು. ತಂತಿಯ ಸಮೇತ ತಂದು ಮುಂದಿಟ್ಟು, 'ಅಲ್ಲ ಸಾರ್, ನಿಮ್ಮ ಮಿಷಿನ್ನು ಕೆಟ್ಟೋದ್ರೆ ನಮ್ಮ ಹಸ ಹಾಲು ಕೊಟ್ಟಿದ್ದು ಸುಳ್ಳಾಯ್ತದಾ?' ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಮೊದಲು ಪೆಟ್ಟಿಗೆಯ ಸಾಲು ಬರೆದುಕೊಳ್ಳಿ

ಆದ್ದರಿಂದ ಮೊದಲ ಕೆಲಸ, ಯಾವುದನ್ನೂ ಅಳಿಸದಿರುವುದು. ಎರಡನೆಯದು, ಪರದೆಯಲ್ಲಿ ಬಂದ ಸಾಲನ್ನು ಇದ್ದಹಾಗೆ ಬರೆದುಕೊಳ್ಳುವುದು ಅಥವಾ ಫೋನಿನಲ್ಲಿ ಫೋಟೋ ತೆಗೆಯುವುದು. 'ಸಾರ್, ಕಂಪ್ಯೂಟರ್ ಕೆಟ್ಟಿದೆ' ಎಂದು ಕರೆ ಮಾಡಿದರೆ ನಾನೇ ಬರಬೇಕಾಗುತ್ತದೆ, ಮಧ್ಯಾಹ್ನವಾಗುತ್ತದೆ. ಪೆಟ್ಟಿಗೆಯ ಸಾಲನ್ನು ಓದಿ ಹೇಳಿದರೆ ಹತ್ತರಲ್ಲಿ ಆರು ಸಲ ಫೋನಿನಲ್ಲೇ ಮುಗಿಯುತ್ತದೆ. ಪಶುವೈದ್ಯರಿಗೆ 'ಹಸು ಹುಷಾರಿಲ್ಲ' ಎನ್ನುವುದಕ್ಕೂ 'ಎರಡು ದಿನದಿಂದ ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಎಡಗಡೆ ಹೊಟ್ಟೆ ಉಬ್ಬಿದೆ' ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇದೆ.

ಮೂರನೆಯದಾಗಿ ನಾನು ಕೇಳುವ ಪ್ರಶ್ನೆ ಒಂದೇ: ನಿನ್ನೆ ಸಂಜೆ ಓಡುತ್ತಿದ್ದದ್ದು ಇಂದು ಬೆಳಿಗ್ಗೆ ಓಡುತ್ತಿಲ್ಲವೆಂದರೆ, ನಡುವೆ ಬದಲಾದದ್ದೇನು? ಕರೆಂಟು ಹೋಗಿ ಬಂತೇ? ಯಾರಾದರೂ ಹೊಸದೇನಾದರೂ ಹಾಕಿದರೇ? ವೈರು ಕಿತ್ತು ಇನ್ನೊಂದು ತೂತಿಗೆ ಸಿಕ್ಕಿಸಿದರೇ? ಇದಕ್ಕೆ ಮೊದಲು ಬರುವ ಉತ್ತರ ಬಹುತೇಕ 'ಏನೂ ಮಾಡಿಲ್ಲ ಸಾರ್' ಎಂದೇ. ಬೈಯುವುದಿಲ್ಲ ಎಂದು ಹೇಳಿ ಎರಡನೇ ಸಲ ಕೇಳಬೇಕು.

ಕೊಂಡಿಯ ಗಾತ್ರ: 32 ಮತ್ತು 64

ಮೇಲಿನ ಕಥೆಯ ಮೂಲವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಕಂಪ್ಯೂಟರ್ ತೆಗೆದು ಹೊಸದು ಕೊಳ್ಳುತ್ತಿರುವ ಸಂಘಗಳಲ್ಲಿ ಈಗ ಅತಿ ಹೆಚ್ಚು ಕಾಣುವ ತೊಂದರೆ ಇದೇ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೂ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೂ ನಿಂತಿತು. ಆದ್ದರಿಂದ ಹೊಸ ಯಂತ್ರಗಳು ಬರುತ್ತಿವೆ, ತಂತ್ರಾಂಶ ಮಾತ್ರ ಹಳೆಯದೇ.

ತಂತ್ರಾಂಶಗಳು ಎರಡು ಗಾತ್ರದಲ್ಲಿ ತಯಾರಾಗುತ್ತವೆ, 32 ಬಿಟ್ ಮತ್ತು 64 ಬಿಟ್. 64ರ ವಿಂಡೋಸ್ ಎರಡನ್ನೂ ಓಡಿಸುತ್ತದೆ. ಆದರೆ 32ರ ತಂತ್ರಾಂಶಕ್ಕೆ 32ರ ಕೊಂಡಿಯೇ ಬೇಕು, 64ರದಕ್ಕೆ 64ರದೇ ಬೇಕು. ದೊಡ್ಡ ಟ್ರ್ಯಾಕ್ಟರಿನ ಪಿನ್ನು ಸಣ್ಣ ಟ್ರ್ಯಾಕ್ಟರಿನ ಸಲಕರಣೆಗೆ ಕೂರದ ಹಾಗೆ. ಮೈಕ್ರೋಸಾಫ್ಟ್ ಆಕ್ಸೆಸ್ ಕಣಜಗಳಿಗೆ ಎರಡು ಬಗೆಯ ಕೊಂಡಿಗಳಿವೆ. 'ಜೆಟ್ 4.0' ಹಳೆಯದು, ಅದರ 64 ಬಿಟ್ ರೂಪ ಬರಲೇ ಇಲ್ಲ. ಅದರ ನಂತರ ಬಂದದ್ದು 'ಏಸ್', ಇದು ಎರಡೂ ಗಾತ್ರದಲ್ಲಿ ಸಿಗುತ್ತದೆ. ಆದರೆ ಕಂಪ್ಯೂಟರಿನಲ್ಲಿ 32ರ ಆಫೀಸ್ ಇದ್ದರೆ 64ರ ಏಸ್ ಹಾಕಲು ಹೋದಾಗ ತಕರಾರು ಮಾಡುತ್ತದೆ, 64ರ ಆಫೀಸ್ ಇದ್ದರೆ 32ರ ಏಸಿಗೂ ಹಾಗೆಯೇ. ಆ ಹುಡುಗ ಸಿಕ್ಕಿಬಿದ್ದದ್ದು ಇಲ್ಲಿಯೇ.

ಹೀಗಿರುವಾಗ 'ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್' ಎಂದು ಬಂದರೆ ಕಂಪ್ಯೂಟರಿನಲ್ಲಿ ಆ ಕೊಂಡಿ ಇಲ್ಲವೇ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಅದು ಇದ್ದು, ಗಾತ್ರ ತಪ್ಪಾಗಿದ್ದರೂ ಇದೇ ಸಾಲು ಬರುತ್ತದೆ. ಒಮ್ಮೆ ಹಾಕಿ, ಸರಿಹೋಗದೆ, ಅದನ್ನೇ ಮೂರು ಸಲ ಹಾಕಿ ಕೈಚೆಲ್ಲಿದವರನ್ನು ನೋಡಿದ್ದೇನೆ. ಮೂರು ಸಲವೂ ಹಾಕಿದ್ದು 64ರದೇ.

ಇದೇ ಬಗೆಯ ಇನ್ನೊಂದು ಮೋಸದ ಸಾಲು, 'ದ ಸ್ಪೆಸಿಫೈಡ್ ಮಾಡ್ಯೂಲ್ ಕುಡ್ ನಾಟ್ ಬಿ ಫೌಂಡ್' ಎಂಬುದು. ಅದು ಹೆಸರಿಸುವ ಕಡತವನ್ನು ಹುಡುಕಿ ನೋಡಿದರೆ ಕಣ್ಣ ಮುಂದೆಯೇ ಇರುತ್ತದೆ! ಕಾಣೆಯಾಗಿರುವುದು ಬಹಳ ಸಲ ಅದಲ್ಲ, ಅದು ತನ್ನ ಕೆಲಸಕ್ಕೆ ನೆಚ್ಚಿಕೊಂಡಿರುವ ಇನ್ನೊಂದು ಕಡತ. ಕೆಲವು ಸಲ ವೈರಸ್ ತಡೆಯುವ ತಂತ್ರಾಂಶವೇ ಅದನ್ನು ಕಳ್ಳನೆಂದು ತಿಳಿದು ಹಿಡಿದು ಕೂಡಿಹಾಕಿರುತ್ತದೆ. ಅದರ 'ಕ್ವಾರಂಟೈನ್' ಪಟ್ಟಿಯನ್ನು ಒಮ್ಮೆ ತೆರೆದು ನೋಡಿದರೆ ಗೊತ್ತಾಗುತ್ತದೆ.

ಕಣಜದ ಕಾವಲುಗಾರ ಮಲಗಿದ್ದರೆ

ಕೆಲವು ಸಂಘಗಳಲ್ಲಿ ಕಣಜವೆಂದರೆ ಒಂದು ಕಡತ ಮಾತ್ರ. ಇನ್ನು ಕೆಲವು ಕಡೆ ಎಸ್.ಕ್ಯೂ.ಎಲ್. ಸರ್ವರ್ ಅಥವಾ ಮೈಎಸ್‌ಕ್ಯೂಎಲ್ ಎಂಬ ಕಾವಲುಗಾರ ಹಿನ್ನೆಲೆಯಲ್ಲಿ ಓಡುತ್ತಿರುತ್ತಾನೆ. ತಂತ್ರಾಂಶ ಅವನನ್ನು ಕೇಳಿ ಲೆಕ್ಕ ಪಡೆಯುತ್ತದೆ. ಅವನೇ ಎದ್ದಿಲ್ಲದಿದ್ದರೆ 'ಎರರ್ 26, ಲೊಕೇಟಿಂಗ್ ಸರ್ವರ್' ಎಂದೋ, 'ಕಾಂಟ್ ಕನೆಕ್ಟ್ ಟು ಮೈಎಸ್‌ಕ್ಯೂಎಲ್ ಸರ್ವರ್, 10061' ಎಂದೋ ಬರುತ್ತದೆ. ಕಾರ್ಯದರ್ಶಿಯವರು ವಿಂಡೋಸಿನ 'ಸರ್ವಿಸಸ್' ಪಟ್ಟಿ ತೆರೆದು ಆ ಹೆಸರನ್ನು ಹುಡುಕಿ 'ಸ್ಟಾರ್ಟ್' ಕೊಡಬೇಕು. ಎದ್ದರೆ ಸಂತೋಷ. ಮುಂದೆ ತಾನಾಗಿ ಏಳುವಂತೆ 'ಆಟೊಮ್ಯಾಟಿಕ್' ಎಂದು ಬದಲಿಸಿಡಬೇಕು.

ಎದ್ದು ಕೂಡಲೇ ಮತ್ತೆ ಬಿದ್ದರೆ? ಆಗ ನೋಡಬೇಕಾದದ್ದು ಅವನು ಬರೆದಿಡುವ ದಿನಚರಿ. ಪ್ರತಿ ಡೇಟಾಬೇಸ್ ಸರ್ವರೂ ತಾನು ಏಕೆ ಏಳಲಿಲ್ಲವೆಂದು ಒಂದು ಕಡತದಲ್ಲಿ ಬರೆದೇ ಸಾಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ದತ್ತಾಂಶದ ಕೋಶದೊಳಗೇ 'ಇ.ಆರ್.ಆರ್.' ಎಂದು ಕೊನೆಯಾಗುವ ಕಡತ ಇದು. ಕೊನೆಯ ಪ್ರಯತ್ನ ಎಲ್ಲಿ ಆರಂಭವಾಯಿತೋ ಅಲ್ಲಿಂದ ಓದಿ, ಮೊದಲು ಸಿಗುವ 'ಎರರ್' ಸಾಲನ್ನು ಹಿಡಿಯಬೇಕು. ಕೆಳಗಿನವು ಬಹುತೇಕ ಅದರ ಮರಿಗಳು.

ಇಲ್ಲೊಂದು ಸೂಕ್ಷ್ಮವಿದೆ. ಸರ್ವರಿಗೆ ಹೊಸ ಪ್ಲಗಿನ್ ಸೇರಿಸುವಾಗ ಅದರ ಹೆಸರನ್ನು ಸಂರಚನಾ ಕಡತದಲ್ಲಿ ಒಂದು ಸಾಲು ಬರೆಯುತ್ತಾರೆ. ಆ ಕಡತವನ್ನು ಸರ್ವರ್ ಓದುವುದು ಏಳುವಾಗ ಮಾತ್ರ. ಸೋಮವಾರ ಮಧ್ಯಾಹ್ನ ಯಾರೋ ತಪ್ಪು ಸಾಲು ಬರೆದರೂ ಓಡುತ್ತಿರುವ ಸರ್ವರ್ ಓಡುತ್ತಲೇ ಇರುತ್ತದೆ. ಗುರುವಾರ ಕರೆಂಟು ಹೋಗಿ ಬಂದಾಗ ಏಳುವುದಿಲ್ಲ. ಎಲ್ಲರೂ ಕರೆಂಟನ್ನು ಬೈಯುತ್ತಾರೆ! ಮೈಎಸ್‌ಕ್ಯೂಎಲ್ ತನಗೆ ಗೊತ್ತಿಲ್ಲದ ಸಾಲು ಕಂಡರೆ 'ಅನ್‌ನೋನ್ ವೇರಿಯಬಲ್' ಎಂದು ಹೇಳಿ ನಿಂತುಬಿಡುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಸರ್ವರ್ ಕೂಡ, ಏಳುವಾಗಲೇ ಹೊರಬೇಕಾದ ಪ್ಲಗಿನ್ನುಗಳ ಪಟ್ಟಿಯಲ್ಲಿ ಒಂದು ಹೆಸರು ತಪ್ಪಿದರೂ ಏಳುವುದಿಲ್ಲ. ಮದ್ದು ಸರಳ. ಆ ಸಾಲಿನ ಆರಂಭದಲ್ಲಿ ಒಂದು '#' ಗುರುತು ಹಾಕಿದರೆ ಸರ್ವರ್ ಅದನ್ನು ಓದದೆ ದಾಟಿಹೋಗುತ್ತದೆ. ಸಾಲನ್ನು ಅಳಿಸಬೇಡಿ, ಗುರುತು ಮಾತ್ರ ಹಾಕಿ. ಏನಿತ್ತೆಂದು ಆಮೇಲೆ ನೋಡಬೇಕಾಗುತ್ತದೆ. ಇನ್ನು ಮುಂದೆ ಸಂಘದ ಕಂಪ್ಯೂಟರಿಗೆ ಯಾರೇ ಬಂದು ಏನೇ ಹಾಕಿದರೂ, ಅವರು ಹೊರಡುವ ಮೊದಲು ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ಒಂದು ಚೀಟಿ ಮುದ್ರಿಸಿ ತೋರಿಸಲಿ. ಆಮೇಲೆ ಹಣ ಕೊಡಿ.

ಮೈಎಸ್‌ಕ್ಯೂಎಲ್ ಬಳಸುವ ಸಂಘಗಳಲ್ಲಿ ಇನ್ನೊಂದು ಸಾಲೂ ಕಾಣುತ್ತದೆ: 'ಆಥೆಂಟಿಕೇಷನ್ ಪ್ಲಗಿನ್ ಕ್ಯಾಷಿಂಗ್ ಷಾ2 ಪಾಸ್‌ವರ್ಡ್ ಕ್ಯಾನಾಟ್ ಬಿ ಲೋಡೆಡ್.' 2018ರಲ್ಲಿ ಬಂದ ಅದರ 8.0 ಆವೃತ್ತಿ ಗುಪ್ತಪದ ಪರೀಕ್ಷಿಸುವ ರೀತಿಯನ್ನು ಬದಲಿಸಿತು. ಹಳೆಯ ಕನೆಕ್ಟರಿಗೆ ಹೊಸ ರೀತಿ ಬಾರದು. ಗುಪ್ತಪದ ತಪ್ಪಲ್ಲ, ಭಾಷೆ ಬೇರೆಯಾಗಿದೆ. ಕನೆಕ್ಟರನ್ನು ಹೊಸದಕ್ಕೆ ಬದಲಿಸುವುದೇ ಸರಿಯಾದ ದಾರಿ. ಕೆಲವರು ಸರ್ವರನ್ನೇ ಹಳೆಯ ರೀತಿಗೆ ತಿರುಗಿಸಿ ಕೊಡುತ್ತಾರೆ. ಅದು ತಾತ್ಕಾಲಿಕ. 2024ರ 8.4 ಆವೃತ್ತಿಯಲ್ಲಿ ಆ ಹಳೆಯ ರೀತಿಯನ್ನು ಆರಿಸಿಯೇ ಕೊಡುತ್ತಾರೆ, 9.0ರಲ್ಲಿ ತೆಗೆದೇ ಹಾಕಿದ್ದಾರೆ.

ತೂಕದ ಯಂತ್ರ ಮಾತಾಡದಿದ್ದರೆ

ತಂತ್ರಾಂಶ ತೆರೆಯಿತು, ಹೆಸರೂ ಬಂತು, ಆದರೆ ತೂಕ ಬರುತ್ತಿಲ್ಲ, ಅಥವಾ ಜಿಡ್ಡಿನ ಜಾಗ ಖಾಲಿ. ಇದು ಕಣಜದ ತೊಂದರೆಯಲ್ಲ, ವೈರಿನ ಕೊಂಡಿಯದು.

ತೂಕದ ಯಂತ್ರದ ಹಳೆಯ ಮಾದರಿಯ ವೈರನ್ನು ಯು.ಎಸ್.ಬಿ. ತೂತಿಗೆ ಸೇರಿಸಲು ನಡುವೆ ಒಂದು ಸಣ್ಣ ಪರಿವರ್ತಕ ಇರುತ್ತದೆ. ವಿಂಡೋಸ್ ಅದಕ್ಕೆ 'ಕಾಮ್ 3', 'ಕಾಮ್ 5' ಎಂದು ಸಂಖ್ಯೆ ಕೊಡುತ್ತದೆ. ಕಸ ಗುಡಿಸುವಾಗ ಕಿತ್ತು ಪಕ್ಕದ ತೂತಿಗೆ ಸಿಕ್ಕಿಸಿದರೆ ಸಂಖ್ಯೆ ಬದಲಾಗಬಹುದು. ತಂತ್ರಾಂಶ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಯಾವ ವೈರು ಯಾವ ತೂತಿಗೆ ಎಂದು ಬಣ್ಣದ ಟೇಪು ಅಂಟಿಸಿಡಿ. ಇದಕ್ಕಿಂತ ಅಗ್ಗದ ರಿಪೇರಿ ನಾನು ಕಂಡಿಲ್ಲ.

ಪರಿವರ್ತಕವೇ ಹಳೆಯದಾದರೆ ಹೊಸ ವಿಂಡೋಸ್ ಅದನ್ನು ಒಪ್ಪದಿರಬಹುದು. 'ಡಿವೈಸ್ ಮ್ಯಾನೇಜರ್' ಪಟ್ಟಿಯಲ್ಲಿ ಅದರ ಮುಂದೆ ಹಳದಿ ಗುರುತು, 'ಕೋಡ್ 10' ಎಂಬ ಬರಹ, ಅಥವಾ 'ಪಿ.ಎಲ್.2303 ಎಚ್.ಎಕ್ಸ್.ಎ. 2012ರಿಂದ ನಿಂತಿದೆ, ಮಾರಿದವರನ್ನು ಕೇಳಿ' ಎಂಬ ಅರ್ಥದ ಇಂಗ್ಲಿಷ್ ಸಾಲು ಕಾಣುತ್ತದೆ. ಪ್ರೊಲಿಫಿಕ್ ಎಂಬ ತಯಾರಕರು ತಮ್ಮ ಹಳೆಯ ಚಿಪ್ಪಿಗೆ ಹೊಸ ಡ್ರೈವರಿನಲ್ಲಿ ಬೆಂಬಲ ನಿಲ್ಲಿಸಿದ್ದಾರೆ. ನಕಲಿ ಚಿಪ್ಪುಗಳಿಗೂ ಇದೇ ಗತಿ. ಆಗ ತೂಕದ ಯಂತ್ರವನ್ನು ಬಿಚ್ಚಬೇಡಿ, ತಂತ್ರಾಂಶವನ್ನೂ ಮುಟ್ಟಬೇಡಿ. ಕೆಲವು ನೂರು ರೂಪಾಯಿಯ ಆ ಪರಿವರ್ತಕವನ್ನು ಬದಲಿಸಿದರೆ ಸಾಕು.

ಕರೆಂಟು, ತಾರೀಕು, ಜಾಗ

ಇನ್ನು ಮೂರು ಸಣ್ಣ ಕಾರಣಗಳಿವೆ.

ಹಾಲು ಅಳೆಯುತ್ತಿರುವಾಗ ಕರೆಂಟು ಹೋದರೆ ಆಕ್ಸೆಸ್ ಕಣಜದ ಪಕ್ಕದಲ್ಲಿ 'ಎಲ್.ಡಿ.ಬಿ.' ಎಂಬ ಬೀಗದ ಕಡತ ಉಳಿದುಬಿಡುತ್ತದೆ. ಮತ್ತೆ ತೆರೆದಾಗ ಬೇರೆ ಯಾರೋ ಬಳಸುತ್ತಿದ್ದಾರೆ ಎಂಬ ಅರ್ಥದ ಸಾಲು ಬರಬಹುದು. ಮೊದಲು ಯಂತ್ರವನ್ನು ಪೂರ್ತಿ ಆರಿಸಿ ಹಚ್ಚಿ ನೋಡಿ. ಆಗಲೂ ತೆರೆಯದಿದ್ದರೆ, ತಂತ್ರಾಂಶ ಎಲ್ಲಿಯೂ ತೆರೆದಿಲ್ಲವೆಂದು ಖಚಿತ ಮಾಡಿಕೊಂಡು ಆ ಬೀಗದ ಕಡತವನ್ನು ಮಾತ್ರ ತೆಗೆಯಬಹುದು. ಅದರ ಪಕ್ಕದ 'ಎಂ.ಡಿ.ಬಿ.' ಎಂಬುದೇ ನಿಮ್ಮ ಕಣಜ. ಎರಡರ ಹೆಸರೂ ಒಂದೇ, ಬಾಲ ಮಾತ್ರ ಬೇರೆ. ಕೈ ತಪ್ಪಿದರೆ ಮೇಲಿನ ಕಥೆಯೇ ಮತ್ತೆ. 'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್' ಎಂದು ಬಂದರೆ ಕಣಜಕ್ಕೇ ಪೆಟ್ಟು ಬಿದ್ದಿರುವ ಸಂಭವ ಹೆಚ್ಚು. ಅದರ ಒಂದು ಪ್ರತಿ ತೆಗೆದಿಟ್ಟು, ಆ ಪ್ರತಿಯ ಮೇಲೆ ಮಾತ್ರ 'ಕಾಂಪ್ಯಾಕ್ಟ್ ಅಂಡ್ ರಿಪೇರ್' ಮಾಡಬೇಕು. ಇಷ್ಟಕ್ಕೆಲ್ಲ ಕಾರಣ ಬ್ಯಾಟರಿ ಸತ್ತ ಯು.ಪಿ.ಎಸ್. ಆಗಿರುತ್ತದೆ. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಈ ಖರ್ಚಿಗೆ ಮೂಗು ಮುರಿಯುವ ನಿರ್ದೇಶಕರಿಗೆ ಚೀಟಿಯ ತಂತಿಯ ಕಥೆ ಹೇಳಿ.

ಬೆಳಿಗ್ಗೆ ಕಂಪ್ಯೂಟರಿನ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಅದರ ಒಳಗಿನ ಬಿಲ್ಲೆಯಂಥ ಸಿ.ಆರ್.2032 ಬ್ಯಾಟರಿ ಮುಗಿದಿದೆ. ತಂತ್ರಾಂಶ ಏಳದಿದ್ದರೆ ಪುಣ್ಯ! ಎದ್ದರೆ ನಿಮ್ಮ ಇಂದಿನ ಹಾಲು ಯಾವುದೋ ವರ್ಷದ ಜನವರಿ ಒಂದರ ಲೆಕ್ಕಕ್ಕೆ ಜಮೆಯಾಗಿ ಈ ಬಟವಾಡೆಯಲ್ಲಿ ಕಾಣುವುದೇ ಇಲ್ಲ. ಚೀಟಿ ಕೈಗೆ ಬಂದ ಕೂಡಲೇ ಜಿಡ್ಡು ನೋಡುವ ಮೊದಲು ತಾರೀಕು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಡಿಸ್ಕು ತುಂಬಿದರೂ ಡೇಟಾಬೇಸ್ ಏಳುವುದಿಲ್ಲ. ತುಂಬುವುದು ನಿಮ್ಮ ಹಾಲಿನ ಲೆಕ್ಕದಿಂದಲ್ಲ. ಸಾಲಿಗೆ 100 ಅಕ್ಷರದ ಜಾಗವೆಂದರೂ 1,09,500 ಸಾಲಿಗೆ ವರ್ಷಕ್ಕೆ ಸುಮಾರು 11 ಎಂ.ಬಿ. ಮಾತ್ರ, ಆಕ್ಸೆಸ್ ಕಣಜವೇ 2 ಜಿ.ಬಿ. ಹಿಡಿಯುತ್ತದೆ. ತುಂಬುವುದು ಸಿನಿಮಾಗಳಿಂದ. ಇದಕ್ಕಿಂತ ಹೆಚ್ಚು ಹೇಳಿದರೆ ಕೆಲವರಿಗೆ ಮುಜುಗರವಾದೀತು.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು

ಕಂಪ್ಯೂಟರ್ ಏಳಲಿ ಬಿಡಲಿ, ಹಾಲು ಕಾಯುವುದಿಲ್ಲ. ಹತ್ತು ನಿಮಿಷದಲ್ಲಿ ಸರಿಹೋಗದಿದ್ದರೆ ಕಾರ್ಯದರ್ಶಿಯವರು ಪುಸ್ತಕ ತೆಗೆಯಬೇಕು. ತೂಕದ ಯಂತ್ರ ಮತ್ತು ಪರೀಕ್ಷಾ ಯಂತ್ರ ಕಂಪ್ಯೂಟರಿಲ್ಲದೆಯೂ ತಮ್ಮ ಮುಖದ ಮೇಲೆ ಅಂಕಿ ತೋರಿಸುತ್ತವೆ. ನಿಮ್ಮ ಹಾಲನ್ನು ನಿಮ್ಮ ಮುಂದೆಯೇ ತೂಗಿ, ನಿಮ್ಮದೇ ಮಾದರಿ ತೆಗೆದು ಪರೀಕ್ಷಿಸಿ, ಲೀಟರು, ಜಿಡ್ಡು, ಎಸ್.ಎನ್.ಎಫ್. ಮೂರನ್ನೂ ಪುಸ್ತಕದಲ್ಲಿ ಬರೆಯಬೇಕು. 'ಇವತ್ತು ಎಲ್ಲರಿಗೂ 3.5 ಹಾಕಿಬಿಡೋಣ' ಎಂಬ ಮಾತಿಗೆ ಒಪ್ಪಬೇಡಿ. 4.2 ಜಿಡ್ಡಿನ ಹಾಲು ತಂದವರ ಹಣ ನೀರು ಹಾಲು ತಂದವರ ಜೇಬಿಗೆ ಹೋಗುತ್ತದೆ. ಕೈಬರಹದ ಚೀಟಿಗೆ ಸಹಿ ಕೇಳಿ ಪಡೆಯಿರಿ. ಕೇಳುವುದರಲ್ಲಿ ಸಂಕೋಚ ಬೇಡ, ಕಾರ್ಯದರ್ಶಿಯವರೂ ತಪ್ಪು ತಿಳಿಯಬಾರದು.

ಕಂಪ್ಯೂಟರ್ ಎದ್ದ ಮೇಲೆ ಪುಸ್ತಕದ ಸಾಲುಗಳನ್ನು ಅದೇ ತಾರೀಕಿಗೆ, ಅದೇ ಹೊತ್ತಿಗೆ ಏರಿಸಬೇಕು. ಮಾರನೆಯ ದಿನ ಹಾಲು ಹಾಕುವಾಗ 'ನಿನ್ನೆಯದು ಏರಿತೇ?' ಎಂದು ಕೇಳಿ, ಪರದೆಯಲ್ಲಿ ನೋಡಿ. ಬಟವಾಡೆಯ ದಿನ ಕೇಳಿದರೆ ಹಿಂದೆ ಹೋಗಿ ತಿದ್ದುವುದು ಕಷ್ಟ.

ಪ್ರತಿಯ ವಿಷಯ ಒಂದು ಮಾತು. ಪ್ರತಿ ಹೊತ್ತಿನ ಸಂಗ್ರಹಣೆ ಮುಗಿದ ಕೂಡಲೇ ಕಣಜದ ಒಂದು ಪ್ರತಿ ಪೆನ್ ಡ್ರೈವಿಗೆ ಹೋಗಬೇಕು. ಎರಡು ಡ್ರೈವು ಇರಲಿ, ಒಂದು ದಿನ ಒಂದು, ಮರುದಿನ ಇನ್ನೊಂದು. ಬಳಸದಿರುವುದು ಕಂಪ್ಯೂಟರಿನ ಪಕ್ಕದಲ್ಲಲ್ಲ, ಕಾರ್ಯದರ್ಶಿಯವರ ಮನೆಯಲ್ಲಿರಲಿ. ಪ್ರತಿ ತೆಗೆಯುವಾಗ ತಂತ್ರಾಂಶ ಮುಚ್ಚಿರಬೇಕು. ಸರ್ವರ್ ಇರುವ ಕಡೆ ಕಡತಗಳನ್ನು ನೇರ ನಕಲು ಮಾಡದೆ ತಂತ್ರಾಂಶದ 'ಬ್ಯಾಕಪ್' ಗುಂಡಿಯನ್ನೇ ಒತ್ತಬೇಕು. ಓಡುತ್ತಿರುವ ಸರ್ವರಿನ ಕಡತದ ನಕಲು ಅರ್ಧ ಬೆಂದ ಅನ್ನ, ಉಣ್ಣಲು ಕುಳಿತಾಗಲೇ ಗೊತ್ತಾಗುವುದು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ಒಬ್ಬ ಸದಸ್ಯರ ಲೆಕ್ಕ ಹೊಂದುತ್ತದೆಯೇ ನೋಡಿ. ತೆರೆದು ನೋಡದ ಪ್ರತಿಯನ್ನು ನಾನು ಪ್ರತಿಯೆಂದು ಎಣಿಸುವುದಿಲ್ಲ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರಾಗಿ ನೀವು ಎದ್ದು ನಿಂತು ಮೂರು ಪ್ರಶ್ನೆ ಕೇಳಬಹುದು. ಕೊನೆಯ ಪ್ರತಿ ತೆಗೆದದ್ದು ಯಾವತ್ತು? ಅದನ್ನು ತೆರೆದು ನೋಡಿದವರು ಯಾರು? ಯು.ಪಿ.ಎಸ್. ಬ್ಯಾಟರಿ ಹಾಕಿ ಎಷ್ಟು ವರ್ಷವಾಯಿತು? ಲಾಭ ನಷ್ಟದ ಪಟ್ಟಿ ಓದುವ ಮೊದಲೇ ಕೇಳಿ, ಆಮೇಲೆ ಎಲ್ಲರಿಗೂ ಊಟದ ಅವಸರ.

ಕರೆ ಮಾಡುವಾಗ ಪೆಟ್ಟಿಗೆಯ ಸಾಲಿನ ಫೋಟೋ, ವಿಂಡೋಸಿನ ಆವೃತ್ತಿ, ತಂತ್ರಾಂಶದ ಆವೃತ್ತಿ, ಹಿಂದಿನ ದಿನ ಆದ ಬದಲಾವಣೆ, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳುವಂತೆ ನಿಮ್ಮ ಕಾರ್ಯದರ್ಶಿಯವರಿಗೆ ತಿಳಿಸಿ. ಈ ಪುಟವನ್ನು ಕತ್ತರಿಸಿ ಕಂಪ್ಯೂಟರಿನ ಹಿಂದಿನ ಗೋಡೆಗೆ ಅಂಟಿಸಿದರೂ ಆದೀತು. ಹಾಲು ಚೆಲ್ಲುವ ಜಾಗದಿಂದ ಸ್ವಲ್ಪ ಮೇಲೆ.